ಹನ್ನೆರಡು ಸೆಕೆಂಡು

೧೪ ಜನವರಿ ೨೦೦೭, ರವಿವಾರ

ಇವತ್ತು ಭೀಮಶಾ ಮಸ್ಕತ್ತಿನಿಂದ ಫೋನ್ ಮಾಡಿದ. ತಾಜಸುಲ್ತಾನಪುರದ ಗೌಂಡಿ ಅವನು. ನಾಲ್ಕು ವರ್ಷದಿಂದ ಅಲ್ಲಿ ಕಟ್ಟಡ ಕಟ್ಟುತ್ತಾನೆ. ಹೋದ ತಿಂಗಳು ಅವನಿಗೆ ಭಜನೆ ಪದದ ಎರಡು ಕ್ಯಾಸೆಟ್ ಪೋಸ್ಟಿನಲ್ಲಿ ಕಳಿಸಿದ್ದೆ. ಹಾದಿಯಲ್ಲಿ ಯಾವ ಭಾರದ ಕೆಳಗೆ ಬಿದ್ದವೋ, ಎರಡೂ ಒಡೆದು ಹೋಗಿವೆಯಂತೆ.

"ಚಂದ್ರಾಮಣ್ಣ, ಅದೇ ಪದ ಅಂಗಡ್ಯಾಗ ಹಚ್ಚು. ಫೋನ್ ಸ್ಪೀಕರಿಗೆ ಹಿಡಿ. ನಾ ಇಲ್ಲಿಂದೇ ಕೇಳ್ತೀನಿ" ಅಂದ.

ಹಿಡಿದೆ. ಕೈ ನೋಯುವತನಕ ಹಿಡಿದೆ. ಪದ ಮುಗಿದ ಮೇಲೆ ರಿಸೀವರ್ ಕಿವಿಗೆ ಇಟ್ಟುಕೊಂಡರೆ ಆ ಕಡೆ ಮಾತೇ ಇಲ್ಲ. ಬರೀ ಉಸಿರು. ಒಬ್ಬನದಲ್ಲ, ಆರು ಮಂದಿಯದು. ಒಂದೇ ಖೋಲಿಯಲ್ಲಿ ಇರೋರು ಎಲ್ಲರೂ ಫೋನಿನ ಸುತ್ತ ಕೂತು ಕೇಳಿದ್ದರಂತೆ. ಒಬ್ಬ ಯಾದಗಿರಿ ಕಡೆಯವ ಅಳುತ್ತಿದ್ದ.

ಕಲಬುರ್ಗಿಯ ಸುಪರ್ ಮಾರ್ಕೆಟ್ ಬಜಾರಿನಲ್ಲಿ ಈ ಕ್ಯಾಸೆಟ್ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷ. ಈ ವಾರ ಕ್ಯಾಸೆಟ್ ಕೇಳಿಕೊಂಡು ಯಾರೂ ಬಂದಿಲ್ಲ. ಆದರೂ ಇವತ್ತು ಮನೆಗೆ ಬರುವಾಗ ಗಾಜಿಪುರದ ಓಣಿಯೆಲ್ಲ ಹಗುರಾಗಿ ಕಂಡಿತು. ಹಾಡು ಇಲ್ಲೇ ಇದ್ದು, ಕೇಳೋರು ಎಲ್ಲೆಲ್ಲೋ ಇದ್ದರೆ? ಹೆಂಡತಿ ಶಿವಕಾಂತಮ್ಮಗೆ ಹೇಳಿದೆ. ಎಳ್ಳಿನ ಹೋಳಿಗೆ ಬೇಯಿಸುತ್ತಾ ಏನೋ ಗುನುಗುತ್ತಿದ್ದವಳು ನಿಲ್ಲಿಸಿ, "ನಿಮ್ಮ ಮಾರಿ ಭಾಳ ದಿನಕ್ಕ ಬೆಳಕಾಗ್ಯಾದ" ಅಂದಳು.

೨೧ ಜನವರಿ

ಜಯದೇವಿ ಬಂದಿದ್ದಳು. ನಮ್ಮ ಓಣಿಯವಳೇ. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನನ್ನ ಮಾತು ಕೇಳಿ ನಗಲಿಲ್ಲ.

"ಆಗ್ತದ್ರಿ ಸರ. ಹಾಡು ಒಂದು ಕಡೆ ಇಡಬೇಕು. ಯಾರ ಬೇಕೋ ಅವರು ಬಟನ್ ಒತ್ತಿದ್ರ ಅಲ್ಲಿಂದ ಹರಕೋತ ಬರ್ತದ. ಇಳಿಸ್ಕೊಳ್ಳೋದು, ಕಾಯೋದು ಏನಿಲ್ಲ. ಖರೇ ಅಂದ್ರ ನಮ್ಮ ಮಂದಿ ಪದಕ್ಕ ಇದನ್ನ ಯಾರೂ ಮಾಡಿಲ್ಲ."

"ನೀ ಮಾಡ್ತಿಯೇನವ್ವ?"

"ನಮ್ಮಜ್ಜಿ ಬೀಸೋ ಪದ ಹಾಡ್ತಿದ್ಳು. ಒಂದೂ ಉಳದಿಲ್ಲ. ಮಾಡ್ತೀನಿ."

ಹೆಸರು ಶಿವಕಾಂತಮ್ಮನೇ ಇಟ್ಟಳು: ಕೇಳ್ರೆಪ್ಪಾ ಡಾಟ್ ಕಾಮ್. ಮೂವರೂ ನಕ್ಕಿದ್ದೇ ನಕ್ಕಿದ್ದು.

೯ ಫೆಬ್ರವರಿ

ನಾನೇ ಊರೂರು ತಿರುಗಿ ತುಂಬಿಸಿದ ಟೇಪುಗಳನ್ನು ಅಟ್ಟದಿಂದ ಇಳಿಸಿದೆ. ಇನ್ನೂರಾ ಹನ್ನೆರಡು. ಬೀಸೋ ಪದ, ಸೋಬಾನ, ತತ್ವಪದ, ಮೊಹರಂ ಪದ. ಮೋಮಿನಪುರದ ಮಸ್ತಾನಬಿ ಹಾಡಿದ ಒಂದು ಟೇಪಿನಲ್ಲಿ ಅವಳ ಮೊಮ್ಮಗು ಕೆಮ್ಮೋದೂ ಸೇರಿದೆ. ಜಯದೇವಿ ತೆಗೆಯೋಣವೇ ಅಂದಳು. ಬೇಡ, ಇರಲಿ, ಅದೂ ಮನೆಯ ದನಿ ಅಂದೆ. ಪ್ರತಿಯೊಂದನ್ನೂ ಪೂರ್ತಿ ಕೇಳಿಯೇ ಕಂಪ್ಯೂಟರಿಗೆ ಹಾಕುತ್ತಿದ್ದೇವೆ.

ನಲವತ್ತೊಂದನೇ ಟೇಪು ಕೈಗೆ ಬಂದಾಗ ಬದಿಗಿಟ್ಟೆ. ಕಮಲಾಪುರ, ೧೯೮೬ ಅಂತ ಬರೆದಿದೆ.

ಆಗ ನನಗೆ ಇಪ್ಪತ್ತನಾಲ್ಕು. ಹೊಸ ರೆಕಾರ್ಡರ್ ಹೊತ್ತುಕೊಂಡು ದುಂಡಮ್ಮನ ಮನೆಗೆ ಹೋಗಿದ್ದೆ. ಆ ಸುತ್ತಿನ ಮದುವೆಗಳಲ್ಲಿ ಅವಳಷ್ಟು ಪದ ಬಲ್ಲವರು ಇರಲಿಲ್ಲ. ಅಂಗಳದಲ್ಲಿ ಮಷಿನ್ ಹಚ್ಚಿ ಸೋಬಾನ ಹಾಡಿಸುತ್ತಿದ್ದೆ. ಅವಳ ಮಗಳು ಮರೆಮ್ಮ, ಹನ್ನೊಂದು ವರ್ಷದವಳು, ಅಲ್ಲೇ ಓಡಾಡುತ್ತಿದ್ದಳು. ಆಮೇಲೆ ಕೊಡ ತಗೊಂಡು ನೀರಿಗೆ ಹೋದಳು. ಬಾವಿಯಿಂದ ಹೆಣವಾಗಿ ಬಂದಳು.

ನಾನು ಬಾವಿ ಕಡೆ ಓಡಿದ್ದೆ. ವಾಪಸ್ ಬಂದಾಗ ಟೇಪು ಹಾಗೇ ತಿರುಗುತ್ತಿತ್ತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ದುಂಡಮ್ಮ ಹಾಡ್ಯಾಡಿ ಅತ್ತಳು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಹಾಗೇ ಅಳುವುದು. ಹೆಸರು ಹಿಡಿದು, ಸತ್ತವರಿಗೆ ಹೇಳಬೇಕಾದ್ದನ್ನೆಲ್ಲ ಹೇಳುತ್ತಾ. ಬಂದ್ ಮಾಡಲು ನನಗೆ ಕೈ ಬರಲಿಲ್ಲ.

ಜಯದೇವಿ "ಇದರಾಗ ಏನದ ಸರ?" ಅಂದಳು. ಕೆಟ್ಟದ ಅಂದೆ. ಇದನ್ನು ಯಾರೂ ಕೇಳಬಾರದು. ನಾನೂ ಇಪ್ಪತ್ತೊಂದು ವರ್ಷದಿಂದ ಕೇಳಿಲ್ಲ.

೪ ಮಾರ್ಚ್, ರವಿವಾರ

ಕಮಲಾಪುರಕ್ಕೆ ಹೋಗಿದ್ದೆ. ಹಳೆಯ ಸೋಬಾನ ಪದ ಹಾಕಲು ದುಂಡಮ್ಮನ ಒಪ್ಪಿಗೆ ಬೇಕಿತ್ತು. ಈಗ ಅರವತ್ತರ ಹತ್ತಿರ. ಗಂಡ ತೀರಿಹೋಗಿದ್ದಾನೆ. ಮಗ ಅಮೋಘಪ್ಪ ಟೆಂಪೋ ಹೊಡೆಯುತ್ತಾನೆ. ಕಮಲಾಪುರದ ಕೆಂಪು ಬಾಳೆಗೊನೆ ಕಲಬುರ್ಗಿ ಬಜಾರಿಗೆ ತಂದು ಇಳಿಸುತ್ತಾನೆ. ಅಕ್ಕ ಸತ್ತಾಗ ಎಂಟು ವರ್ಷದವನು. ಈಗ ಎತ್ತರದ ಆಳು. ತಾಯಿ ಎದ್ದರೆ ಕೋಲು ಕೊಡುತ್ತಾನೆ, ಕೂತರೆ ಚಾಪೆ ಹಾಸುತ್ತಾನೆ. ನೋಡಿ ಸಂತೋಷವಾಯಿತು.

"ಪದ ಹಾಕಪ್ಪ, ನಂದೇನದ" ಅಂದಳು. ಅಮೋಘಪ್ಪ ಚಹಾ ತರಲು ಹೋದಾಗ ದನಿ ತಗ್ಗಿಸಿ ಕೇಳಿದಳು: "ಅವತ್ತಿಂದು ಟೇಪು ಅದ ಏನು ನಿನ್ನ ಹಂತ್ಯಾಕ?"

"ಇಲ್ಲವ್ವ. ಅವಾಗೇ ಅಳಿಸಿ ಹಾಕೀನಿ."

"ಛಲೋ ಮಾಡ್ದಿ" ಅಂದಳು. ಭಾರ ಇಳಿದವಳಂತೆ ಗೋಡೆಗೆ ಒರಗಿದಳು.

ಸುಳ್ಳು ಹೇಳಿದೆ. ಆದರೆ ಅವಳಿಗೆ ನೆಮ್ಮದಿ ಆಯಿತಲ್ಲ. ನಾಳೆ ಅಂಗಡಿ ತೆಗೆದ ಕೂಡಲೇ ಖರೇನೇ ಅಳಿಸಿಬಿಡಬೇಕು.

೨೩ ಮಾರ್ಚ್

ಉಗಾದಿ ಮುಗಿದ ವಾರ. ಕೇಳ್ರೆಪ್ಪಾ ಚಾಲೂ ಆಯಿತು. ಮೊದಲ ದಿನ ಏಳು ಮಂದಿ ಕೇಳಿದರು. ಅವರಲ್ಲಿ ಮೂವರು ನಾವೇ. ಒಬ್ಬ ಭೀಮಶಾ. ಉಳಿದ ಮೂವರು ಯಾರಿರಬಹುದು ಅಂತ ದಿನವಿಡೀ ಯೋಚಿಸಿದೆ.

೧೭ ಏಪ್ರಿಲ್

ಬಿಸಿಲು. ಹಗಲು ಆರು ತಾಸು ಕರೆಂಟ್ ಇಲ್ಲ. ಹದಿಮೂರು ಮಂದಿ.

೩೦ ಏಪ್ರಿಲ್

ಹದಿನೆಂಟು. ಒಬ್ಬ ಒಂದು ನಿಮಿಷ ಕೇಳಿ ಬಿಟ್ಟ.

ಅಂಗಡಿಯ ಅರ್ಧ ಭಾಗ ಮೊಬೈಲ್ ಕವರು ಮಾರುವವನಿಗೆ ಬಿಟ್ಟುಕೊಟ್ಟೆ. ಜಯದೇವಿ ಕಾಲೇಜು ಮುಗಿಸಿ ಬಿಸಿಲಲ್ಲೇ ಸೈಕಲ್ ಮೇಲೆ ಬರುತ್ತಾಳೆ. ಒಂದು ದಿನವೂ ಏನೂ ಕೇಳಿಲ್ಲ. ನನಗೇ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಗೊತ್ತಿಲ್ಲ. ಶಿವಕಾಂತಮ್ಮ ಒಳಗೆ ಗುನುಗುತ್ತಿದ್ದಳು. ಸುಮ್ಮನಿರು ಅಂದೆ.

೧೨ ಮೇ

ಹೈದರಾಬಾದಿನಿಂದ ವಿಠ್ಠಲರಾವ್ ಬಂದಿದ್ದರು. ಇಂಥ ಕಂಪನಿಗಳಿಗೆ ಬಂಡವಾಳ ಹಾಕುವವರು. ಭೀಮಶಾನ ಕಂಟ್ರಾಕ್ಟರಿಗೆ ಗೊತ್ತಿದ್ದವರು. ಮುಖ್ಯವಾಗಿ, ನಮ್ಮದನ್ನು ಕೇಳಿದವರು. ಎಂಟು ಪದ ಹಚ್ಚಿದೆ. ಪ್ರತಿಯೊಂದನ್ನೂ ಅರ್ಧ ನಿಮಿಷಕ್ಕೆ ನಿಲ್ಲಿಸಿ ಅಂದರು.

"ಚಂದ್ರಾಮಪ್ಪನವರೇ, ಮದುವೆ ಪದ ಎಲ್ಲಾ ಊರಲ್ಲೂ ಇವೆ. ಬೇರೆ ಯಾರ ಹತ್ತಿರವೂ ಇಲ್ಲದ್ದು, ಒಮ್ಮೆ ಕೇಳಿದರೆ ಮನುಷ್ಯ ಎದ್ದು ಹೋಗಲಾಗದ್ದು, ಅಂಥದ್ದು ಏನಿದೆ ನಿಮ್ಮಲ್ಲಿ?"

ಇಲ್ಲ ಅನ್ನಬೇಕಿತ್ತು. "ನೋಡ್ತೀನ್ರಿ" ಅಂದೆ.

೧೮ ಮೇ

ಮಧ್ಯಾಹ್ನ ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ನಲವತ್ತೊಂದನೇ ಟೇಪು ಕೇಳಿದೆ.

ಇಂಥ ಅಳು ನಾನು ಎಲ್ಲೂ ಕೇಳಿಲ್ಲ. ಅದು ಹಾಡೂ ಹೌದು, ಹಾಡೂ ಅಲ್ಲ. "ಬೆಳಿಗ್ಗಿ ನಿನ್ನ ತಲಿ ಬಾಚಿದ್ದೆನವ್ವಾ ಮರೆಮ್ಮಾ, ಅದೇ ಕೈಲೇ ಹೊಡದೆನವ್ವಾ, ಕೊಡ ಕೊಟ್ಟು ಹೊರಗ ದೂಡಿದೆನವ್ವಾ, ಸಿಟ್ಟೀಲೇ ಹೋದ್ಯೇನವ್ವಾ..." ಒಂಬತ್ತು ನಿಮಿಷ. ಕೇಳಿ ಮುಗಿದ ಮೇಲೆ ಅಂಗಿ ಬೆವರಿಗೆ ಮೈಗೆ ಹತ್ತಿತ್ತು.

ನಾನೇ ಕಂಪ್ಯೂಟರಿಗೆ ಹಾಕಿದೆ. ನಡುವೆ ಹನ್ನೆರಡು ಸೆಕೆಂಡು ತೆಗೆದೆ. ಗದ್ದಲ ಇತ್ತು.

೨೦ ಮೇ, ರವಿವಾರ

ಹೆಸರು ಹಾಕಿಲ್ಲ. ಊರೂ ಹಾಕಿಲ್ಲ. "ತಾಯಿಯ ಅಳು" ಅಂತಷ್ಟೇ. ಜಯದೇವಿ ಮೊದಲ ಎರಡು ನಿಮಿಷ ಕೇಳಿ ಕಿವಿಯಿಂದ ಹೆಡ್‌ಫೋನ್ ತೆಗೆದಳು. ಕಣ್ಣು ಕೆಂಪಾಗಿದ್ದವು.

"ಮನಿ ಮಂದಿ ಒಪ್ಪ್ಯಾರ ಸರ?"

"ಒಪ್ಪ್ಯಾರ."

ಕಮಲಾಪುರದಲ್ಲಿ ಇಂಟರ್ನೆಟ್ ನೋಡೋರು ಯಾರಿದ್ದಾರೆ? ವಿಠ್ಠಲರಾವ್ ಒಮ್ಮೆ ಕೇಳಿದ ಮೇಲೆ ತೆಗೆದರಾಯಿತು.

೨ ಜೂನ್

ನಾಲ್ಕು ಸಾವಿರದ ಮುನ್ನೂರು! ಪುಣೆ, ಮುಂಬೈ, ಸೊಲ್ಲಾಪುರ, ದುಬೈ. ಬೆಂಗಳೂರಿನ ಪ್ರೊಫೆಸರೊಬ್ಬರು ಪತ್ರ ಬರೆದಿದ್ದಾರೆ. ಯಾರೋ ಒಬ್ಬಳು ತನ್ನ ಕೂಸು ಹೋದ ಮೇಲೆ ಅತ್ತಿರಲಿಲ್ಲವಂತೆ, ಇದನ್ನು ಕೇಳಿ ಅತ್ತಳಂತೆ. ಅದನ್ನು ಶಿವಕಾಂತಮ್ಮಗೆ ಓದಿ ಹೇಳಿದೆ. ನೋಡು, ಇದರಿಂದ ಮಂದಿಗೆ ಒಳ್ಳೇದೇ ಆಗುತ್ತಿದೆ ಅಂದೆ. ಅವಳು ತಾನೂ ಕೇಳುತ್ತೇನೆ ಅಂದಳು. ಪೂರ್ತಿ ಕೇಳಿದಳು. ಆಮೇಲೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ವಿಠ್ಠಲರಾವ್ ಫೋನ್ ಮಾಡಿದ್ದರು. "ಇದೇ, ಇದನ್ನೇ ನಾನು ಕೇಳಿದ್ದು" ಅಂದರು. ಜುಲೈನಲ್ಲಿ ಕಾಗದಪತ್ರ ಮಾಡೋಣ ಅಂದರು.

ಸದ್ಯಕ್ಕೆ ತೆಗೆಯುವುದು ಬೇಡ.

೧೫ ಜೂನ್

ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ದುಂಡಮ್ಮನ ದನಿ ಕೇಳಿ ನಿಂತೆ. ಯಾರೋ ನಮ್ಮದನ್ನು ಕದ್ದು ಮೊಬೈಲಿನ ಮೆಮೊರಿ ಚಿಪ್ಪಿಗೆ ತುಂಬಿ ಹಂಚುತ್ತಿದ್ದಾರೆ. ಕಳ್ಳರು. ಮಂದಿಯ ಕಷ್ಟದ ಮೇಲೆ ಬದುಕುವವರು. ಜಗಳ ಮಾಡಿ ಬಂದೆ.

ಇವತ್ತಿಗೆ ಹನ್ನೊಂದು ಸಾವಿರ.

೨೪ ಜೂನ್, ರವಿವಾರ

ಅಂಗಡಿ ತೆಗೆದಾಗ ದುಂಡಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಮೊದಲ ಬಸ್ಸಿಗೆ ಒಬ್ಬಳೇ ಬಂದಿದ್ದಾಳೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಒಳಗೆ ಕರೆದು ಸ್ಟೂಲ್ ಹಾಕಿದೆ. ಕೂಡಲಿಲ್ಲ.

"ಅಳಿಸೀನಿ ಅಂದಿದ್ದೆಲ್ಲೋ ಯಪ್ಪಾ."

"ಒಂದು ಕಾಪಿ ಉಳಿದಿತ್ತವ್ವ. ನನಗೇ ಗೊತ್ತಿರ್ಲಿಲ್ಲ."

"ಅಮೋಘ ಗಾಡ್ಯಾಗ ಕೇಳ್ಯಾನ. ಜೋಡಿ ಇದ್ದವ ಹಚ್ಚಿದ್ನಂತ. ನನ್ನ ದನಿ ಅಂತ ಅವಗ ಮದಲ ಗುರ್ತ ಹತ್ತಿಲ್ಲ. ಮರೆಮ್ಮ ಅಂತ ಹೆಸರು ಬಂದಕೂಡ್ಲೇ ಗಾಡಿ ನಿಲ್ಸ್ಯಾನ." ಮೇಜಿನ ಅಂಚು ಹಿಡಿದುಕೊಂಡಳು. "ಅಕ್ಕ ಕಾಲು ಜಾರಿ ಬಿದ್ಳು ಅಂತ ಹೇಳಿದ್ದೆ ಅವಗ. ಅವತ್ತ ಅಲ್ಲಿದ್ದ ಹೆಂಗಸರು ಒಬ್ಬರೂ ಬಾಯಿ ಬಿಟ್ಟಿದ್ದಿಲ್ಲ. ಇಪ್ಪತ್ತೊಂದು ವರ್ಷ. ಮನಿಗಿ ಬಂದು ಕೇಳ್ದ, ನೀ ಹೊಡದು ಕಳಿಸಿದ್ದೇನು ಅಂತ. ಹೌದು ಅಂದೆ. ಅವತ್ತಿಂದ ನನ್ನ ಕೈಲೇ ನೀರ ಇಸ್ಕೊಂಡಿಲ್ಲ. ಗಾಡ್ಯಾಗೇ ಮಲಗ್ತಾನ."

ಚಹಾ ತರಿಸಿದೆ. ಕುಡಿಯಲಿಲ್ಲ.

"ಎಷ್ಟ ಮಂದಿ ಕೇಳ್ಯಾರ?"

"ಹದಿನೈದು ಸಾವಿರ ಆಗ್ಯಾದವ್ವ. ದೇಶ ದೇಶದಾಗ."

ಅವಳು ಸಂತೋಷಪಡಬಹುದು ಅಂತ ಒಂದು ಕ್ಷಣ ಅನಿಸಿತ್ತು. ಸೆರಗು ಬಾಯಿಗೆ ಒತ್ತಿಕೊಂಡಳು. "ಅಷ್ಟೂ ಮಂದಿಗಿ ಗೊತ್ತಾತು" ಅಂದಳು.

ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತಳು. "ಅವತ್ತ ನಾ ಏನೇನಂದೆ ನನಗ ನೆಪ್ಪಿಲ್ಲ. ಕೂಸು ತೊಡಿ ಮ್ಯಾಲಿತ್ತು. ಇದಲ್ದೆ ಬ್ಯಾರೆ ಏನರ ಅಂದೀನೇನು? ಅಮೋಘಗ ಹೇಳಂಥಾದ್ದು?"

"ಇಲ್ಲವ್ವ. ಇಷ್ಟೇ."

"ತೆಗದುಬಿಡು ಯಪ್ಪಾ."

ತೆಗೆಯುತ್ತೇನೆ ಅಂದೆ. ರಾವ್ ಅವರ ಕಾಗದಪತ್ರ ಆಗಲಿ, ಮರುದಿನವೇ ತೆಗೆಯುತ್ತೇನೆ. ಬಸ್ಸಿನತನಕ ಕಳಿಸಿ ಬಂದೆ. ಚಪ್ಪಲಿ ಕೊಡಿಸಬೇಕಿತ್ತು, ನೆನಪಾಗಲಿಲ್ಲ.

೨೭ ಜೂನ್

ಇವತ್ತು ಜಯದೇವಿ ಕೆಲಸ ಬಿಟ್ಟಳು. ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ.

ರಾವ್ ಇನ್ನೂ ಸ್ವಚ್ಛ ದನಿ ಕೇಳಿದ್ದರು. ಅವಳು ನಾನಿಲ್ಲದಾಗ ಪೆಟ್ಟಿಗೆಯಿಂದ ಮೂಲ ಟೇಪು ತೆಗೆದು ಹಚ್ಚಿದ್ದಾಳೆ. ನಾನು ಬಂದಾಗ ಕಂಪ್ಯೂಟರ್ ಮುಂದೆ ಕೂತಿದ್ದಳು.

"ಸರ, ನಾಕನೇ ನಿಮಿಷದಾಗ ಒಂದು ಕಡಿ ಉಸಿರು ಕೂಡಂಗಿಲ್ಲ ಅಂತ ಹಿಂದ ಪೂರಾ ಕೇಳ್ದಾಗೇ ನನಗ ಅನಿಸಿತ್ತು."

"ಗದ್ದಲ ಇತ್ತು. ತೆಗದೀನಿ."

"ಗದ್ದಲ ಇಲ್ಲರಿ. ನಿಮ್ಮ ಹೆಸರದ."

ಹಚ್ಚಿದಳು. ಬಂದ್ ಮಾಡು ಅಂದರೂ ಮಾಡಲಿಲ್ಲ. "ಮಷಿನ್ ತಂದ ಚಂದ್ರಾಮಣ್ಣ ಸದ್ದು ಬರ್ತದಂದ್ನೆವ್ವಾ, ನಿನ್ನ ಕಾಲ್ಗೆಜ್ಜಿ ಸದ್ದು ಟೇಪಿನಾಗ ಬರ್ತದಂದ್ನೆವ್ವಾ, ಹುಡುಗೀಗಿ ಹೊರಗ ಕಳಿಸಂದ್ನೆವ್ವಾ, ಅವನ ಮಾತಿಗಿ ನಿನ್ನ ದೂಡಿದೆನವ್ವಾ..."

ಹೌದು. ಎರಡು ಸಲ ಸದ್ದು ಬಂತು. ಎರಡು ಸಲವೂ ಟೇಪು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಹಾಡಿಸಬೇಕಾಯಿತು. ಮೂರನೇ ಸಲ ನಾನು ಬೇಸರ ಮಾಡಿಕೊಂಡೆ. ಇಪ್ಪತ್ತನಾಲ್ಕು ವರ್ಷದವನು. ಬಾವಿಗೆ ಹೋಗೆಂದು ನಾನು ಹೇಳಲಿಲ್ಲ. ಹೊಡಿ ಅಂತಲೂ ಹೇಳಲಿಲ್ಲ.

"ಮಗ ತಾಯಿನ್ನ ಬಿಟ್ಟಾನ ಅಂತ ನೀವೇ ಹೇಳ್ದಿರಿ. ಈ ಮಾತು ಅವ ಕೇಳಿದ್ದಿಲ್ಲ. ಪೂರಾ ಹಾಕ್ರಿ, ಇಲ್ಲಂದ್ರ ಪೂರಾ ತೆಗೀರಿ" ಅಂದಳು.

"ಎರಡೂ ಆಗಂಗಿಲ್ಲ ಈಗ. ತಿಳ್ಕೊ. ನಿನ್ನದೂ ಆರು ತಿಂಗಳ ಕಷ್ಟ ಇದರಾಗ ಅದ."

"ನನ್ನ ಕಷ್ಟ ನಾ ಬಿಟ್ಟೀನ್ರಿ."

ಎಲ್ಲಾ ಪಾಸ್‌ವರ್ಡುಗಳನ್ನೂ ಒಂದು ಹಾಳೆಯಲ್ಲಿ ದುಂಡಗೆ ಬರೆದು, ಮೇಜಿನ ಮೇಲಿಟ್ಟು ಹೋದಳು. ಬೇಕಾಗಿದ್ದರೆ ತಾನೇ ತೆಗೆದುಬಿಡಬಹುದಿತ್ತು. ನನಗೇ ಬಿಟ್ಟು ಹೋದಳು. ಪ್ರಾಮಾಣಿಕ ಹುಡುಗಿ, ಆದರೆ ಲೋಕವ್ಯವಹಾರ ತಿಳಿಯದು.

೨೮ ಜೂನ್

ಮಧ್ಯಾಹ್ನ ನಲವತ್ತೊಂದನೇ ಟೇಪನ್ನು ರೆಕಾರ್ಡಿಗೆ ಹಚ್ಚಿ ಆ ಹನ್ನೆರಡು ಸೆಕೆಂಡಿನ ಜಾಗ ಅಳಿಸಿದೆ. ಹಳೆಯ ಟೇಪು, ಹೇಗೂ ಕೆಡುತ್ತಿತ್ತು.

೧೫ ಜುಲೈ, ರವಿವಾರ

ಕಮಲಾಪುರ. ರಾವ್ ಅವರ ವಕೀಲರು ಹಾಡಿದವರೆಲ್ಲರ ಒಪ್ಪಿಗೆಪತ್ರ ಬೇಕು ಅಂದಿದ್ದಾರೆ. ಇಲ್ಲದಿದ್ದರೆ ಕಂಪನಿ ಆಗುವುದಿಲ್ಲ. ಉಳಿದವರೆಲ್ಲ ಸಹಿ ಮಾಡಿದ್ದಾರೆ. ಮಸ್ತಾನಬಿ ಮಾತ್ರ ಪೂರ್ತಿ ಓದಿಸಿ ಕೇಳಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ದುಂಡಮ್ಮ ಬಾಗಿಲಲ್ಲಿ ಕೂತಿದ್ದಳು. ಇಳಿದು ಹೋಗಿದ್ದಾಳೆ. ಪಕ್ಕದ ಮನೆಯ ಪುತಳಾಬಾಯಿ ರೊಟ್ಟಿ ತಂದಿಟ್ಟಿದ್ದಳು, ಮುಟ್ಟಿರಲಿಲ್ಲ. ಪುತಳಾಬಾಯಿ ನನ್ನನ್ನು ನೋಡಿ ಎದ್ದು ಹೋದಳು.

ಕಾಗದ ಮುಂದೆ ಇಟ್ಟೆ. ಓದಿ ಹೇಳು ಅಂತ ಅವಳು ಅನ್ನಲಿಲ್ಲ.

"ಇದಕ್ಕ ಹೆಬ್ಬಟ್ಟು ಒತ್ತಿದ್ರ ಅದು ತೆಗೀತಿಯೇನು?"

"ಸೋಮವಾರ ತೆಗೀತೀನವ್ವ."

ಕೈ ಚಾಚಿದಳು. ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದೆ. ಎಷ್ಟು ಹಗುರ ಆ ಕೈ. ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ. ಒರೆಸಿಕೊಳ್ಳಲಿಲ್ಲ.

ಬಸ್ ನಿಲ್ಲುವ ಕಡೆ ಅಮೋಘಪ್ಪನ ಟೆಂಪೋ ನಿಂತಿತ್ತು. ಗೊನೆ ಪೇರಿಸುತ್ತಿದ್ದ. ಗಡ್ಡ ಬಿಟ್ಟಿದ್ದಾನೆ.

"ಕಾಕಾ, ಅವತ್ತು ನೀವು ಅಲ್ಲೇ ಇದ್ರಿ ಅಲ್ಲಾ?" ಅಂದ.

"ಇದ್ದೆ."

"ಅಕ್ಕ ಏನು ತಪ್ಪು ಮಾಡಿದ್ಳು? ಯಾಕ ಹೊಡದ್ಳು ನಮ್ಮವ್ವ?"

ಹೇಳಬಹುದಿತ್ತು. ಗೊನೆ ಅವನ ಹೆಗಲ ಮೇಲೆ ಇತ್ತು. ಅದನ್ನು ಇಳಿಸದೆಯೇ ನನ್ನ ಉತ್ತರಕ್ಕೆ ಕಾದು ನಿಂತಿದ್ದ. ಕೈಚೀಲದಲ್ಲಿ ಕಾಗದದ ಮಸಿ ಇನ್ನೂ ಆರಿರಲಿಲ್ಲ.

"ಹಳೇ ಮಾತು ಅಮೋಘ. ಎಲ್ಲಾ ತಾಯಂದ್ರೂ ಹೊಡೀತಾರ. ಮರತುಬಿಡು" ಅಂದೆ. ಸಮಾಧಾನದ ಮಾತೇ ಹೇಳಿದೆ.

ಬಸ್ ಬಂತು.

೧೭ ಜುಲೈ

ಒಪ್ಪಂದದ ಪ್ರಕಾರ ಪಟ್ಟಿಯಲ್ಲಿರುವ ಯಾವುದನ್ನೂ ರಾವ್ ಅವರ ಪರವಾನಗಿ ಇಲ್ಲದೆ ತೆಗೆಯುವ ಹಾಗಿಲ್ಲ. ಫೋನ್ ಮಾಡಿ ಕೇಳಿದೆ. ನಕ್ಕರು. "ಅದನ್ನೇ ತೆಗೆದರೆ ಉಳಿಯುವುದೇನು?" ಅಂದರು.

ಕೇಳುವುದು ನನ್ನ ಕರ್ತವ್ಯ. ಕೇಳಿದೆ.

೧೯ ಆಗಸ್ಟ್

ಉದ್ಘಾಟನೆ. ಸ್ಟೇಷನ್ ರೋಡಿನಲ್ಲಿ ಮೊದಲನೇ ಮಹಡಿ, ನಾಲ್ಕು ಕಂಪ್ಯೂಟರು, ಎ.ಸಿ. ಗಾಜಿನ ಬಾಗಿಲ ಮೇಲೆ ಕೇಳ್ರೆಪ್ಪಾ ಅಂತ ಕೆಂಪು ಅಕ್ಷರ, ಕೆಳಗೆ "ಸಂಸ್ಥಾಪಕರು: ಚಂದ್ರಾಮಪ್ಪ". ಪತ್ರಿಕೆಯವರು ಬಂದಿದ್ದರು. ಈ ಕಲ್ಪನೆ ಹೇಗೆ ಹುಟ್ಟಿತು ಅಂತ ಕೇಳಿದರು. ಭೀಮಶಾನ ಫೋನಿನ ಕಥೆ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಜಯದೇವಿಗೆ ಕಾರ್ಡು ಕಳಿಸಿದ್ದೆ, ಬರಲಿಲ್ಲ.

ಶಿವಕಾಂತಮ್ಮ ದೀಪ ಹಚ್ಚಿ, ತಲೆನೋವು ಅಂತ ಆಟೋ ಹಿಡಿದು ಮನೆಗೆ ಹೋದಳು. ಇತ್ತೀಚೆಗೆ ಅವಳು ಅಡುಗೆ ಮಾಡುವಾಗ ಗುನುಗುವುದಿಲ್ಲ. ನನಗೂ ಕೆಲಸ ಮಾಡಲು ಶಾಂತವಾಗಿದೆ.

ಅರವತ್ತೆರಡು ಸಾವಿರ.

೬ ನವೆಂಬರ್

ಎರಡು ಲಕ್ಷ ದಾಟಿತು. ಹೊಸ ಹುಡುಗರು ಹಳೆಯ ಟೇಪುಗಳಲ್ಲಿ ಕೆಮ್ಮು, ಕೂಸಿನ ಸದ್ದು, ನಾಯಿ ಬೊಗಳಿದ್ದು ಎಲ್ಲಾ ತೆಗೆದು ಚೊಕ್ಕ ಮಾಡಿದ್ದಾರೆ. ಈಗ ನಾನು ಪದಗಳನ್ನು ಪೂರ್ತಿ ಕೇಳುವುದಿಲ್ಲ, ವೇಳೆ ಎಲ್ಲಿದೆ. ಮೊದಲ ಅರ್ಧ ನಿಮಿಷ ಸಾಕು, ತಿಳಿದುಹೋಗುತ್ತದೆ.

ಕಮಲಾಪುರದಿಂದ ಎರಡು ಸಲ ಫೋನ್ ಬಂದಿತ್ತಂತೆ. ಮೀಟಿಂಗಿನಲ್ಲಿದ್ದೆ.

೧೨ ಫೆಬ್ರವರಿ ೨೦೦೮, ಮಂಗಳವಾರ

ದುಂಡಮ್ಮ ಹೋದಳು. ನಿನ್ನೆ ಸಂಜೆಯಂತೆ. ಹದಿನೈದು ದಿನ ಜ್ವರ ಇತ್ತು, ದವಾಖಾನೆಗೆ ಬರಲು ಒಪ್ಪಲಿಲ್ಲವಂತೆ. ಆಫೀಸಿಗೆ ಫೋನ್ ಮಾಡಿ ತಿಳಿಸಿದವಳು ಜಯದೇವಿ. ಇಷ್ಟು ತಿಂಗಳಿಂದ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬರುತ್ತಿದ್ದಳಂತೆ, ನನಗೆ ಗೊತ್ತೇ ಇರಲಿಲ್ಲ.

"ಅಮೋಘಪ್ಪಗ ಎಲ್ಲಾ ಹೇಳೀನ್ರಿ, ನೀವು ತೆಗೆದ ಮಾತು ಸುದ್ದಾ. ಅವಾಗೇ ಹೇಳಬೇಕಿತ್ತು, ನೀವೇ ಹೇಳ್ತೀರಿ ಅಂತ ಕಾದೆ" ಅಂದಳು. "ಕಡೀ ನಾಕು ದಿನ ಅವನೇ ಅವರವ್ವಗ ಗಂಜಿ ಕುಡಿಸ್ಯಾನ."

ಫೋನಿಟ್ಟಳು.

ಶಿವಕಾಂತಮ್ಮಗೆ ಬಾ ಅಂದೆ. "ನೀವು ಹೋಗ್ರಿ" ಅಂದಳು. ದೊಡ್ಡ ಹಾರ ತಗೊಂಡು ಹತ್ತೂವರೆಗೆ ಕಮಲಾಪುರಕ್ಕೆ ಮುಟ್ಟಿದೆ. ಊರಬಾಗಿಲು ಅಗಸಿಯಿಂದಲೇ ಹೆಂಗಸರು ಹಾಡ್ಯಾಡಿ ಅಳುವುದು ಕೇಳುತ್ತಿತ್ತು. ಹತ್ತು ಹದಿನೈದು ದನಿ, ಒಂದರ ಮೇಲೊಂದು. ಅಂಗಳದಲ್ಲಿ ದುಂಡಮ್ಮನನ್ನು ಮಲಗಿಸಿದ್ದರು. ಹೊಸ ಸೀರೆ ಹೊದಿಸಿದ್ದರು. ತಲೆಯ ಹತ್ತಿರ ಅಮೋಘಪ್ಪ ನೆಲಕ್ಕೆ ಕೂತಿದ್ದ. ಜಯದೇವಿ ಗೋಡೆಗೆ ಒರಗಿ ನಿಂತಿದ್ದಳು.

ನಾನು ಅಂಗಳಕ್ಕೆ ಕಾಲಿಟ್ಟೆ. ಅಳು ನಿಂತಿತು.

ಒಬ್ಬೊಬ್ಬರಾಗಿ ಅಲ್ಲ, ಎಲ್ಲರೂ ಒಮ್ಮೆಲೇ. ಮೊದಲು ಗೌರವಕ್ಕೆ ಇರಬೇಕು ಅಂದುಕೊಂಡೆ. ಹಾರ ಹಾಕಿದೆ, ಕೈ ಮುಗಿದೆ, ಬದಿಗೆ ಸರಿದು ನಿಂತೆ. ಯಾರೂ ಮತ್ತೆ ಸುರು ಮಾಡಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಕೂತರು. ಒಂದು ಎಳೆಯ ಹುಡುಗಿ ಬಿಕ್ಕಿದಳು. ಪಕ್ಕದವಳು ಅವಳ ಬಾಯಿ ಮುಚ್ಚಿದಳು.

ಪುತಳಾಬಾಯಿ ಎದ್ದು ನನ್ನ ಎದುರು ಬಂದಳು. "ಕಿಸೆದಾಗ ಏನದ?"

ಮೊಬೈಲ್ ತೆಗೆದು ತೋರಿಸಿದೆ. ಬಂದ್ ಮಾಡಿ ಕಟ್ಟೆಯ ಮೇಲೆ ಇಟ್ಟೆ. ಎರಡೂ ಕಿಸೆ ಹೊರಗೆ ಎಳೆದು ಖಾಲಿ ತೋರಿಸಿದೆ. ಅಷ್ಟೂ ಮಂದಿಯ ಮುಂದೆ. ಆದರೂ ಯಾರೂ ಅಳಲಿಲ್ಲ.

"ಏನೂ ಇಲ್ಲ ಯವ್ವ. ಅಳ್ರಿ ನೀವು" ಅಂದೆ.

"ನೀ ಇರೋತನ ನಾವು ಅಳಂಗಿಲ್ಲಪ್ಪ" ಅಂದಳು ಪುತಳಾಬಾಯಿ. ಸಿಟ್ಟಿನಿಂದ ಅಲ್ಲ, ದಣಿದ ದನಿಯಲ್ಲಿ. "ಅಕಿಗಿ ಹೇಳೋದು ಭಾಳ ಅದ. ಮಣ್ಣಿಗಿ ಹೊತ್ತಾಗ್ಲಾಕತ್ತದ. ಹೋಗು."

ಅಮೋಘಪ್ಪನ ಕಡೆ ನೋಡಿದೆ. ಅವನು ತಾಯಿಯ ಹಣೆಯ ಮೇಲಿನ ನೊಣ ಓಡಿಸುತ್ತಿದ್ದ. ತಲೆ ಎತ್ತಲಿಲ್ಲ. ಜಯದೇವಿ ಕಟ್ಟೆಯ ಮೇಲಿನ ಮೊಬೈಲ್ ತಂದು ನನ್ನ ಕೈಗೆ ಕೊಟ್ಟಳು.

ಹೊರಬಿದ್ದೆ. ಓಣಿ ತಿರುಗುವತನಕ ಹಿಂದೆ ಸದ್ದಿರಲಿಲ್ಲ. ಅಗಸಿ ದಾಟಿದ ಮೇಲೆ ಸುರುವಾಯಿತು. ಮೊದಲು ಒಂದೇ ದನಿ, ಆಮೇಲೆ ಎಲ್ಲವೂ. ನಿಂತೆ. ಮಾತು ತಿಳಿಯುತ್ತಿರಲಿಲ್ಲ, ಹೆಸರು ಮಾತ್ರ ನಡುನಡುವೆ ಕೇಳುತ್ತಿತ್ತು. ನಾಲ್ಕು ಹೆಜ್ಜೆ ಹಿಂದಕ್ಕೆ ಇಟ್ಟರೆ ಮಾತೂ ತಿಳಿಯುತ್ತಿತ್ತೇನೋ. ಆದರೆ ಓಣಿಯ ಬಾಯಿಗೆ ಒಬ್ಬ ಹೆಂಗಸು ಬಂದು, ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ನೋಡುತ್ತಾ ನಿಂತಿದ್ದಳು. ನಾನು ದೂರ ಹೋಗುವುದನ್ನು ಕಾಯುತ್ತಿದ್ದಳು.

ನಡೆದೆ. ದುಂಡಮ್ಮನಿಗೆ ಅವರು ಏನು ಹಾಡಿ ಅತ್ತರೋ, ನನಗೆ ಕೇಳಿಸಲಿಲ್ಲ.